ರೆಂಡರ್ ನಂಬ್ಬೇಡಿ, ನೆಲಕ್ಕೆ ಟೇಪ್ ಹಾಕಿ ನೋಡಿ

ಸಣ್ಣ ಫ್ಲ್ಯಾಟಿಗೆ ಸೋಫಾನೋ ಮಂಚಾನೋ ಫೈನಲ್ ಮಾಡೋವಾಗ ಬರೀ ತ್ರೀಡಿ, ಅಂದ್ರೆ ಕಂಪ್ಯೂಟರಲ್ಲಿ ಮಾಡಿದ ರೆಂಡರ್ ಚಿತ್ರ ತೋರಿಸಿ ಕ್ಲೈಂಟ್ ಹತ್ರ ಒಪ್ಪಿಗೆ ಸೈನ್ ತಗೊಳೋದನ್ನ ನಮ್ಮ ಇಂಟೀರಿಯರ್ ಫೀಲ್ಡಲ್ಲಿ ನಿಲ್ಲಿಸ್ಬೇಕು. ಕನಕಪುರ ರಸ್ತೆ ಕಡೆಯ ಒಂದು ಟೂ ಬಿಎಚ್‌ಕೆ ಸೈಟಲ್ಲಿ ಆಗಿದ್ದು ನೆನಪಾದ್ರೆ ಈಗ್ಲೂ ಹೊಟ್ಟೆ ಹಿಂಡುತ್ತೆ.

ಹ್ಯಾಂಡೋವರ್ ಹಿಂದಿನ ದಿನ, ಮಾಡ್ಯುಲರ್ ಫರ್ನಿಚರ್ ಕೆಲಸ ಎಲ್ಲ ಮುಗಿದು ಸ್ನ್ಯಾಗ್ ಲಿಸ್ಟೂ (ಸರಿಮಾಡ್ಬೇಕಾದ ಸಣ್ಣಪುಟ್ಟ ತಪ್ಪುಗಳ ಪಟ್ಟಿ) ಹೆಚ್ಚುಕಮ್ಮಿ ಕ್ಲೋಸ್ ಆಗಿತ್ತು, ಎಲ್ ಶೇಪ್ ಸೋಫಾ ಬರೋದೊಂದೇ ಬಾಕಿ. ಲಿಫ್ಟಲ್ಲಿ ಹಿಡಿಸ್ಲಿಲ್ಲ, ಹುಡುಗರು ಮೆಟ್ಟಿಲಲ್ಲೇ ಹೊತ್ತು ತಂದು ಇಟ್ರು. ಹಾಲ್ ಅಗಲ 9 ಅಡಿ, ಅಂದ್ರೆ 108 ಇಂಚು. ಲೌಂಜರ್, ಅಂದ್ರೆ ಸೋಫಾದಲ್ಲಿ ಕಾಲು ಚಾಚೋ ಉದ್ದದ ಭಾಗ, 66 ಇಂಚು ಮುಂದೆ ಬಂತು, ಎದುರಿಗೆ ಟಿವಿ ಯೂನಿಟ್ 18, ಮಧ್ಯ ಉಳಿದಿದ್ದು 24. ಬಾಲ್ಕನಿಗೆ ಹೋಗೋಕೆ ಅದೊಂದೇ ದಾರಿ. ಆ ಮನೆ ಅಜ್ಜಿ ವಾಕರ್ ಹಿಡ್ಕೊಂಡು ಓಡಾಡೋರು, ಬಾಲ್ಕನೀಲಿ ಆಗ್ಲೇ ತುಳಸಿ ಕುಂಡ ತಂದಿಟ್ಟಿದ್ರು, ಅದನ್ನ ನೋಡೋಕೆ ಅಂತ ಹೊರಟ್ರು. ವಾಕರ್ ಕಾಲು ಲೌಂಜರಿಗೆ ಸಿಕ್ಕಾಕೊಂಡು ಅವರು ಅಲ್ಲೇ ನಿಂತ್ಬಿಟ್ರು. ಯಾರೂ ಮಾತಾಡ್ಲಿಲ್ಲ. ಲೌಂಜರ್ ಆ ಕಡೆ ತುದಿಗೆ ಹಾಕಿದ್ರೆ ಸರಿಹೋಗುತ್ತೆ ಅನ್ಕೊಂಡು ನಾನು ಹುಡುಗರ ಹತ್ರ ಪೂರ್ತಿ ಬಿಚ್ಚಿಸಿ ತಿರುಗಿಸಿ ಹಾಕ್ಸಿದೆ, ಆಗ ಬೆಡ್‌ರೂಮ್ ದಾರಿಗೇ ಅಡ್ಡ ಬಂತು. ಮನೆ ಮೇಡಂ ಮೆಲ್ಲಗೆ ಕೇಳಿದ್ರು, ‘ತ್ರೀಡಿಯಲ್ಲಿ ಅಷ್ಟೊಂದು ಜಾಗ ಇತ್ತಲ್ಲ?’

ಇತ್ತು, ನಿಜ. ತ್ರೀಡಿಯಲ್ಲಿ ಕ್ಯಾಮೆರಾ ನಿಂತಿರೋದು ಹಾಲಿನ ಒಳಗಲ್ಲ, ಒಂದು ಗೋಡೆ ಹೈಡ್ ಮಾಡಿ ಅದರ ಹಿಂದೆ. ಅದು ಸಾಲ್ದು ಅಂತ ವೈಡ್ ಲೆನ್ಸ್ ಬೇರೆ, ಅದಕ್ಕೆ 9 ಅಡಿ ಹಾಲ್ ಮದುವೆ ಛತ್ರದ ಥರ ಕಾಣುತ್ತೆ. ಜೊತೆಗೆ ತ್ರೀಡಿ ಸಾಫ್ಟ್‌ವೇರಲ್ಲಿ ರೆಡಿ ಇರೋ ಸೋಫಾ ಮಾಡೆಲ್ಲೇ ಒಂದು ಅಳತೆ, ಪಿಒದಲ್ಲಿ (ಪರ್ಚೇಸ್ ಆರ್ಡರ್) ಹೋಗಿದ್ದೇ ಇನ್ನೊಂದು ಅಳತೆ. ಶೋರೂಮಲ್ಲೂ ಇದೇ ಕಥೆ, ಅಲ್ಲಿ ಸೀಲಿಂಗ್ ಎತ್ತರ, ಸುತ್ತ ಖಾಲಿ ಜಾಗ, ಎಂಥಾ ಸೋಫಾನೂ ಚಿಕ್ಕದಾಗೇ ಕಾಣುತ್ತೆ.

ಕೊನೆಗೆ ಅದನ್ನ ವಾಪಸ್ ಕಳಿಸಿ, 72 ಇಂಚು ಉದ್ದ 32 ಇಂಚು ಆಳದ, ಕೆಳಗೆ ಕಾಲು ಕಾಣೋ ಸೋಫಾ ಹಾಕಿದ್ವಿ. ಈಗ ಎದುರಿಗೆ 58 ಇಂಚು ಸಿಕ್ತು. ಸೆಂಟರ್ ಟೇಬಲ್ ಬೇಡವೇ ಬೇಡ ಅಂದೆ, ಯಾಕಂದ್ರೆ ಸೋಫಾದಿಂದ 15 ಇಂಚು ಬಿಟ್ಟು 18 ಇಂಚಿನ ಟೇಬಲ್ ಇಟ್ರೆ ಮತ್ತೆ 25 ಇಂಚಿಗೇ ಬಂದು ನಿಲ್ತೀವಿ. ವಾಕರ್ ಇರೋ ಮನೇಲಿ ದಾರಿ 36 ಇಂಚಾದ್ರೂ ಬೇಕು.

ಹಾಗಂತ ಸಣ್ಣ ಮನೆಗೆ ಎಲ್ಲಾ ಸಣ್ಣ ಸಣ್ಣದೇ ತುಂಬಿ ಅಂತಲ್ಲ. ನಾಲ್ಕು ಪುಟಾಣಿ ಕುರ್ಚಿ, ಮೂರು ಸ್ಟೂಲ್, ಎರಡು ರ‍್ಯಾಕ್ ಇಟ್ರೆ ಹಾಲ್ ಗೋಡೌನ್ ಆಗುತ್ತೆ, ಅದರ ಬದಲು ಗೋಡೆಯ ಮೂರನೇ ಎರಡು ಭಾಗ ಹಿಡಿಯೋ ಒಂದೇ ಒಳ್ಳೆ ಸೋಫಾ ನೋಡೋಕೂ ಚೆಂದ, ಕೂರೋಕೂ ಆರಾಮ. ಆಳದಲ್ಲಿ ಉಳಿಸಿ, ಉದ್ದದಲ್ಲಿ ಜಿಪುಣತನ ಬೇಡ. ಬೆಡ್‌ರೂಮಲ್ಲಿ ಮಾತ್ರ ಅಗಲಕ್ಕೇ ಕತ್ತರಿ ಹಾಕ್ಬೇಕು: 10 ಅಡಿ ಅಗಲದ ರೂಮಲ್ಲಿ 72 ಇಂಚಿನ ಕಿಂಗ್ ಸೈಜೂ 24 ಇಂಚಿನ ವಾರ್ಡ್‌ರೋಬೂ ಬಂದ್ರೆ ಮಿಕ್ಕಿದ್ದು 24 ಇಂಚು, ವಾರ್ಡ್‌ರೋಬ್ ಬಾಗಿಲೇ 18 ಇಂಚು ಹೊರಗೆ ಬರುತ್ತೆ, ಮನುಷ್ಯ ಎಲ್ಲಿ ನಿಲ್ಬೇಕು? 60 ಇಂಚಿನ ಕ್ವೀನ್ ಹಾಕಿದ್ರೆ 36 ಇಂಚು ಸಿಗುತ್ತೆ.

ಪಿಒ ರಿಲೀಸ್ ಮಾಡೋ ಮುಂಚೆ ಸೈಟಲ್ಲಿ ಮಾಸ್ಕಿಂಗ್ ಟೇಪ್ ಮಾರ್ಕಿಂಗ್ ಕಡ್ಡಾಯ ಮಾಡಿ ಅಂತ ರಿವ್ಯೂ ಮೀಟಿಂಗಲ್ಲಿ ಕೇಳಿದ್ದೆ, ಒಂದು ಸೈಟ್ ವಿಸಿಟ್ ಎಕ್ಸ್ಟ್ರಾ ಆಗುತ್ತೆ ಅಂತ ಪಕ್ಕಕ್ಕಿಟ್ರು. ನಮ್ಮ ಟಾರ್ಗೆಟ್ ನಿಂತಿರೋದು ಆರ್ಡರ್ ವ್ಯಾಲ್ಯೂ ಮೇಲೆ, ಎಲ್ ಶೇಪಿಗೆ ದುಡ್ಡು ಜಾಸ್ತಿ, ಇನ್ನು ಟೇಪ್ ಯಾರಿಗೆ ಬೇಕು. ನಾನಂತೂ ನನ್ನ ಸೈಟಲ್ಲಿ ಟೇಪ್ ಹಾಕ್ದೆ ಸೈನ್ ತಗೊಳಲ್ಲ. ಸೋಫಾ, ಮಂಚ, ಬಾಗಿಲು ತಿರುಗೋ ಜಾಗ ಎಲ್ಲಾ ನೆಲದ ಮೇಲೆ ಅಂಟಿಸಿ, ಮನೇಲಿ ನಡೆಯೋಕೆ ಯಾರಿಗೆ ಜಾಸ್ತಿ ಕಷ್ಟಾನೋ ಅವರನ್ನೇ ಮೊದ್ಲು ಓಡಾಡಿ ಅಂತೀನಿ.