ಖೋ ಕೊಡುವ ಮೊದಲೇ ಎದ್ದವರು

ಇಂಗ್ಲೆಂಡಿನ ನ್ಯೂಕ್ಯಾಸಲ್‌ಗೆ ಬಂದ ಎರಡನೆಯ ವಾರವೇ ನನಗೆ ಫುಟ್‌ಬಾಲಿನ ಆಫ್‌ಸೈಡ್ ನಿಯಮದ ಪಾಠವಾಯಿತು. ನಾನೇನೂ ಕೇಳಿರಲಿಲ್ಲ. ನಮ್ಮಲ್ಲಿ ಹೊಸಬರು ಸಿಕ್ಕರೆ ‘ಯಾವ ಊರು, ಯಾರ ಪೈಕಿ’ ಎಂದು ವಿಚಾರಿಸುವಂತೆ ಇಲ್ಲಿಯವರು ಹೊಸಬರನ್ನು ಕೂರಿಸಿಕೊಂಡು ಆಫ್‌ಸೈಡ್ ಹೇಳಿಕೊಡುತ್ತಾರೆ. ಹೆಣ್ಣುಮಗಳಾದರೆ ಉತ್ಸಾಹ ಇನ್ನೂ ಒಂದು ತೂಕ ಹೆಚ್ಚು. ನಾನು ಕೆಲಸ ಮಾಡುವ ಪ್ರಯೋಗಾಲಯದ ಚಹಾ ಕೋಣೆಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಉಪ್ಪಿನ ಡಬ್ಬಿಯನ್ನು ಗೋಲ್‌ಕೀಪರ್ ಮಾಡಿದರು, ಮೆಣಸಿನ ಪುಡಿಯ ಡಬ್ಬಿಯನ್ನು ಡಿಫೆಂಡರ್ ಮಾಡಿದರು. ಎರಡರ ನಡುವೆ ಗೋಲು ಹೊಡೆಯಲು ಬಂದ ಎದುರು ತಂಡದವನೆಂದು ಸಾಸ್ ಬಾಟಲಿಯನ್ನು ನಿಲ್ಲಿಸಿ, ‘ನೋಡು, ಇದೇ ಆಫ್‌ಸೈಡ್’ ಎಂದರು. ತಿಳಿದವಳಂತೆ ತಲೆಯಾಡಿಸಿದೆ. ನನಗೆ ಗೊತ್ತಿದ್ದ ಆಫ್‌ಸೈಡ್ ಎಂದರೆ ಕ್ರಿಕೆಟ್‌ನಲ್ಲಿ ಅಪ್ಪ ಬಾಯಿತುಂಬ ಹೊಗಳುತ್ತಿದ್ದ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಹೋಗುತ್ತಿದ್ದ ದಿಕ್ಕು, ಅಷ್ಟೇ.

ವಿಜಯಪುರದವಳಿಗೆ ಫುಟ್‌ಬಾಲ್ ಎಲ್ಲಿಂದ ಬರಬೇಕು? ನಮ್ಮದು ಸೈಕಲ್ ಸವಾರರನ್ನು ಬೆಳೆಸಿದ ಊರು. ಗಲ್ಲಿಗಲ್ಲಿಯಲ್ಲಿ ಕ್ರಿಕೆಟ್, ಶಾಲೆಯ ಅಂಗಳದಲ್ಲಿ ಖೋ ಖೋ, ಕಬಡ್ಡಿ. ಫುಟ್‌ಬಾಲ್ ಎಂದರೆ ಪಿ.ಟಿ. ಮಾಸ್ತರರ ಕೋಣೆಯ ಮೂಲೆಯಲ್ಲಿ ಗಾಳಿ ಹೋಗಿ ಮುದುಡಿ ಬಿದ್ದಿದ್ದ ಒಂದು ಚೆಂಡು. ಇಲ್ಲಿಯೋ, ಊರ ನಡುವಿನ ದಿಬ್ಬದ ಮೇಲೆ 52 ಸಾವಿರ ಜನ ಹಿಡಿಸುವ ಫುಟ್‌ಬಾಲ್ ಕ್ರೀಡಾಂಗಣ ಸೇಂಟ್ ಜೇಮ್ಸ್ ಪಾರ್ಕ್ ಕುಳಿತಿದೆ. ಪಂದ್ಯದ ದಿನ ಮೆಟ್ರೊ ರೈಲಿನಲ್ಲಿ ಅಜ್ಜನಿಂದ ಹಿಡಿದು ಕಂಕುಳ ಕೂಸಿನವರೆಗೆ ಎಲ್ಲರ ಮೈಮೇಲೂ ಊರಿನ ತಂಡದ ಕಪ್ಪು ಬಿಳಿ ಪಟ್ಟೆ.

ನಿಯಮವನ್ನು ನಾನು ಬಾಯಿಪಾಠ ಮಾಡಿದೆ. ಎದುರಾಳಿಯ ಅರ್ಧದಲ್ಲಿರುವ ಆಟಗಾರ, ಚೆಂಡಿಗಿಂತಲೂ ಕಡೆಯಿಂದ ಎರಡನೆಯ ಎದುರಾಳಿಗಿಂತಲೂ ಗೋಲಿನ ಗೆರೆಗೆ ಹತ್ತಿರವಿದ್ದರೆ ಅವನು ಆಫ್‌ಸೈಡ್ ಜಾಗದಲ್ಲಿದ್ದಾನೆ. ಸಾಮಾನ್ಯವಾಗಿ ಕಡೆಯವನು ಗೋಲ್‌ಕೀಪರ್, ಅವನ ಮುಂದಿನವನು ಒಬ್ಬ ಡಿಫೆಂಡರ್. ಇಷ್ಟು ಕಲಿತು ಟಿ.ವಿ. ಮುಂದೆ ಕುಳಿತರೆ, ಒಬ್ಬ ಆಟಗಾರ ಡಿಫೆಂಡರ್‌ಗಳನ್ನೆಲ್ಲ ಹಿಂದೆ ಹಾಕಿ ಒಂಟಿಯಾಗಿ ಓಡಿ ಗೋಲು ಹೊಡೆಯುತ್ತಾನೆ, ಎಲ್ಲರೂ ಕುಣಿಯುತ್ತಾರೆ. ಸಾಸ್ ಬಾಟಲಿಯ ಲೆಕ್ಕದಲ್ಲಿ ಅದು ಆಫ್‌ಸೈಡ್ ಆಗಿ ಗೋಲು ರದ್ದಾಗಬೇಕಿತ್ತು. ಹೀಗೇಕೆ ಎಂದು ಕೇಳಿದರೆ ಸಹೋದ್ಯೋಗಿ ಮತ್ತೆ ಉಪ್ಪಿನ ಡಬ್ಬಿಗೆ ಕೈಹಾಕುತ್ತಿದ್ದರು. ಎರಡು ವರ್ಷ ಹೀಗೇ ಕಳೆಯಿತು. ಗೋಲು ಬಿದ್ದಾಗ ಪಕ್ಕದವರ ಮುಖ ನೋಡಿ ನಗಬೇಕೋ ಬಯ್ಯಬೇಕೋ ಎಂದು ತೀರ್ಮಾನಿಸುತ್ತಿದ್ದೆ.

2025ರ ಸಂಕ್ರಾಂತಿಗೆ ಊರಿಗೆ ಹೋದೆ. ಸಿದ್ಧೇಶ್ವರ ಜಾತ್ರೆಯ ದಿನಗಳು. ಸೋಲಾಪುರ ರಸ್ತೆಯ ಕಡೆಯ ನಮ್ಮ ಮನೆಯಲ್ಲಿ ಅವ್ವ ಪಡಸಾಲೆಯಲ್ಲಿ ಕುಳಿತು ಶೇಂಗಾ ಹೋಳಿಗೆಗೆ ಹುರಿದ ಕಾಳುಗಳನ್ನು ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುತ್ತಿದ್ದಳು. ‘ಆ ದೇಶದಲ್ಲಿ ರಜೆಯ ದಿನ ಏನು ಮಾಡುತ್ತೀ’ ಎಂದಳು. ಫುಟ್‌ಬಾಲ್ ನೋಡುತ್ತೇನೆ ಎಂದೆ. ಅಣ್ಣನ ಮಗನಿಗೆ ಕಿವಿ ನೆಟ್ಟಗಾಯಿತು. ‘ಅತ್ತೆ, ಆಫ್‌ಸೈಡ್ ಎಂದರೆ ಏನು?’

ಉಪ್ಪಿನ ಡಬ್ಬಿಯ ಪಾಠವನ್ನೇ ಮೊರದ ಮೇಲೆ ಹೂಡಿದೆ. ಸಿಪ್ಪೆ ಇದ್ದ ಕೆಂಪು ಕಾಳು ಒಂದು ತಂಡ, ಸಿಪ್ಪೆ ಬಿಟ್ಟ ಬಿಳಿ ಕಾಳು ಇನ್ನೊಂದು. ಚೆಂಡಿಗೆ ಬೆಲ್ಲದ ಚೂರು. ಮೊರದ ಅಂಚು ಗೋಲಿನ ಗೆರೆ. ಬಿಳಿ ಕಾಳನ್ನು ಡಿಫೆಂಡರ್ ಆಚೆಗೆ ತಳ್ಳಿ, ‘ಇಗೋ, ಇವನು ಆಫ್‌ಸೈಡ್’ ಎಂದೆ. ಹುಡುಗ ಗಂಭೀರವಾಗಿ ನೋಡಿ, ಗೋಲ್‌ಕೀಪರ್ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಂಡು, ‘ಈಗ?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆಯೇ. ಗೋಲ್‌ಕೀಪರ್ ಮುಂದೆ ಬಂದುಬಿಟ್ಟಿದ್ದರೆ ಉಳಿದವರಲ್ಲಿ ಕಡೆಯಿಂದ ಎರಡನೆಯವನು ಯಾರೋ ಅವನದೇ ಗೆರೆ. ನಿಯಮಕ್ಕೆ ತಲೆಗಳ ಎಣಿಕೆ ಮುಖ್ಯ, ಗೋಲ್‌ಕೀಪರ್‌ಗೆ ವಿಶೇಷ ಮರ್ಯಾದೆಯೇನೂ ಇಲ್ಲ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವನು ಚೆಂಡನ್ನೂ ತಿಂದಿದ್ದ.

ಅವ್ವ ಕೇರುವುದನ್ನು ನಿಲ್ಲಿಸಿದ್ದಳು. ‘ಅದೆಲ್ಲ ಇರಲಿ. ಅವನು ಅಲ್ಲಿಗೆ ಹೋದದ್ದು ಚೆಂಡು ಒದೆಯುವ ಮೊದಲೋ, ಆಮೇಲೋ?’

ಎರಡು ವರ್ಷದಲ್ಲಿ ನನಗೆ ಹೊಳೆಯದ ಪ್ರಶ್ನೆ ಅದು.

‘ನಮ್ಮ ಖೋ ಖೋದಲ್ಲಿ ಹಾಗೆಯೇ ಅಲ್ಲವೇನು?’ ಎಂದಳು. ಅವ್ವ ಶಾಲೆಯ ತಂಡದಲ್ಲಿ ಆಡಿದವಳು. ಎಂಟು ಮಂದಿ ಸಾಲಿನಲ್ಲಿ, ಒಬ್ಬರು ಆ ಕಡೆ ಮುಖ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುತ್ತ ಬಂದು ಬೆನ್ನು ಮುಟ್ಟಿ ‘ಖೋ’ ಎಂದ ಮೇಲೆಯೇ ಕೂತವಳು ಏಳಬೇಕು. ಅರೆಗಳಿಗೆ ಮೊದಲು ಎದ್ದರೂ ಫೌಲ್. ಖೋ ಸಿಕ್ಕ ಮೇಲೆ ಎಷ್ಟು ವೇಗವಾಗಿ ಓಡಿದರೂ ಕೇಳುವವರಿಲ್ಲ. ಎಪ್ಪತ್ತರ ಹತ್ತಿರದ ಅವ್ವ ಮೊರ ಸರಿಸಿ, ಸೀರೆಯ ನೆರಿಗೆಯನ್ನು ಮೊಣಕಾಲ ನಡುವೆ ಒತ್ತಿಕೊಂಡು ಕುಕ್ಕರುಗಾಲಿನಲ್ಲಿ ಕೂತು ತೋರಿಸಿದಳು: ಹಿಮ್ಮಡಿ ಸ್ವಲ್ಪ ಮೇಲೆ, ಭಾರವೆಲ್ಲ ಕಾಲ ಬೆರಳಿಗೆ, ಎರಡೂ ಕೈ ನೆಲಕ್ಕೆ, ಕಿವಿ ಹಿಂದಕ್ಕೆ. ‘ಮೈಯೆಲ್ಲ ಎದ್ದಿರಬೇಕು, ಆದರೆ ಎದ್ದಿರಬಾರದು. ನನಗೆ ಅದೇ ಬರುತ್ತಿರಲಿಲ್ಲ. ಎಷ್ಟು ಸಲ ಬಯ್ಯಿಸಿಕೊಂಡಿದ್ದೇನೆ.’

ಅಂದಿನಿಂದ ನನಗೆ ಆಫ್‌ಸೈಡ್ ಕಾಣತೊಡಗಿತು. ಡಬ್ಬಿಗಳ ಪಾಠದಲ್ಲಿ ಎಲ್ಲವೂ ನಿಂತೇ ಇರುತ್ತದೆ, ತೊಡಕಿರುವುದೇ ಅಲ್ಲಿ. ನೋಡಬೇಕಾದದ್ದು ಜೊತೆಯವನ ಕಾಲು ಚೆಂಡಿಗೆ ತಾಗಿದ ಕ್ಷಣದಲ್ಲಿ ಇವನು ಎಲ್ಲಿದ್ದ ಎಂಬುದನ್ನು. ಚೆಂಡು ಬಂದು ಸೇರುವಾಗ ಎಲ್ಲಿದ್ದಾನೆ ಎಂಬುದು ಲೆಕ್ಕಕ್ಕಿಲ್ಲ. ಗೋಲು ಹೊಡೆಯುವುದೇ ಕೆಲಸವಾದ ಒಳ್ಳೆಯ ಸ್ಟ್ರೈಕರ್ ಡಿಫೆಂಡರ್‌ನ ಭುಜಕ್ಕೆ ಭುಜ ಕೊಟ್ಟು, ಅವ್ವ ಕೂತಂತೆಯೇ ಮೈಯೆಲ್ಲ ಎದ್ದು, ಆದರೆ ಏಳದೆ, ಕಾಯುತ್ತಾನೆ. 1990ರಿಂದ ಸರಿಸಮ ನಿಂತರೆ ತಪ್ಪಿಲ್ಲ. ಅದಕ್ಕೂ ಮೊದಲು ಅದೂ ಆಫ್‌ಸೈಡ್ ಆಗಿತ್ತು. ತಲೆ, ಮೈ, ಪಾದ ಗೆರೆ ದಾಟಿರಬಾರದು. ಕಂಕುಳ ಕೆಳಗಿನ ತೋಳು, ಕೈ ಲೆಕ್ಕಕ್ಕಿಲ್ಲ, ಅವುಗಳಿಂದ ಗೋಲು ಹೊಡೆಯುವಂತಿಲ್ಲವಲ್ಲ. 2022ರ ಕತಾರ್ ವಿಶ್ವಕಪ್‌ನಲ್ಲಿ 12 ಕ್ಯಾಮೆರಾಗಳು ಪ್ರತಿ ಆಟಗಾರನ ಮೈಯ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದವು. ಚೆಂಡಿನೊಳಗೆ ಇಟ್ಟಿದ್ದ ಸಂವೇದಕವಂತೂ ಸೆಕೆಂಡಿಗೆ 500 ಸಲ ವರದಿ ಕೊಡುತ್ತಿತ್ತು. ಆಟಗಾರನ ಮೈಗಿಂತ ಚೆಂಡಿಗೆ ಹತ್ತು ಪಟ್ಟು ನಿಗಾ ಏಕೆಂದರೆ, ‘ಖೋ’ ಬಿದ್ದ ಗಳಿಗೆಯನ್ನು ಹಿಡಿಯುವುದೇ ಕಷ್ಟ.

ಈ ನಿಯಮದ ಇತಿಹಾಸದಲ್ಲಿ ನಾನಿರುವ ಊರಿಗೆ ದೊಡ್ಡ ಪಾಲಿದೆ. 1925ರವರೆಗೆ ಆಟಗಾರನ ಮುಂದೆ ಇಬ್ಬರಲ್ಲ, ಮೂವರು ಎದುರಾಳಿಗಳು ಇರಬೇಕಿತ್ತು. ನ್ಯೂಕ್ಯಾಸಲ್‌ನ ಬಿಲ್ ಮೆಕ್ರಾಕೆನ್ ಎಂಬ ಬೆಲ್‌ಫಾಸ್ಟ್ ಮೂಲದ ಡಿಫೆಂಡರ್ ಇದನ್ನೇ ಆಯುಧ ಮಾಡಿಕೊಂಡ. ಚೆಂಡು ಒದೆಯುವ ಮುನ್ನ ತಾನೇ ಒಂದು ಹೆಜ್ಜೆ ಮುಂದೆ ಸರಿದು, ನಿಂತಲ್ಲೇ ನಿಂತ ಎದುರಾಳಿಯನ್ನು ಆಫ್‌ಸೈಡ್‌ಗೆ ಕೆಡಹುತ್ತಿದ್ದ. ಹೊರಗಿನ ತಂಡವೊಂದು ಇಲ್ಲಿಯ ರೈಲು ನಿಲ್ದಾಣದಲ್ಲಿ ಇಳಿದಾಗ ಗಾರ್ಡ್ ಸೀಟಿ ಊದಿದನಂತೆ, ಆಟಗಾರನೊಬ್ಬ ‘ಅಯ್ಯೋ, ಇಷ್ಟು ಬೇಗ ಆಫ್‌ಸೈಡೇ?’ ಎಂದನಂತೆ. ಈ ನಗೆಹನಿಯನ್ನು ಚಹಾ ಕೋಣೆಯಲ್ಲಿ ಕನಿಷ್ಠ ಐದು ಸಲ ಕೇಳಿದ್ದೇನೆ. ಬೇರೆಯವರೂ ಈ ಉಪಾಯ ಕಲಿತು ಆಟ ಸೊರಗಿದಾಗ ಮೂರನ್ನು ಎರಡಕ್ಕೆ ಇಳಿಸಿದರು. ಮರುವರ್ಷವೇ ಗೋಲುಗಳ ಸುರಿಮಳೆ.

ಅದೇ ವರ್ಷ ಮಾರ್ಚ್ 16ರ ಭಾನುವಾರ ನ್ಯೂಕ್ಯಾಸಲ್‌ಗೆ ಲೀಗ್ ಕಪ್ ಫೈನಲ್, ಲಂಡನ್ನಿನ ವೆಂಬ್ಲಿಯಲ್ಲಿ, ಲಿವರ್‌ಪೂಲ್ ಎದುರಿಗೆ. 1955ರಿಂದ ಇಂಗ್ಲೆಂಡಿನೊಳಗಿನ ಒಂದು ದೊಡ್ಡ ಕಪ್ಪೂ ನ್ಯೂಕ್ಯಾಸಲ್‌ಗೆ ಬಂದಿರಲಿಲ್ಲ. ಇಲ್ಲಿ ಸಂಜೆ ನಾಲ್ಕೂವರೆ, ವಿಜಯಪುರದಲ್ಲಿ ರಾತ್ರಿ ಹತ್ತು. ಅವ್ವನಿಗೆ ವಿಡಿಯೊ ಕರೆ ಮಾಡಿ, ಮೊಬೈಲನ್ನು ಟಿ.ವಿ.ಗೆ ಎದುರಾಗಿ ಉಪ್ಪಿನಕಾಯಿ ಭರಣಿಗೆ ಒರಗಿಸಿದೆ.

45ನೆಯ ನಿಮಿಷದಲ್ಲಿ ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್. ಎತ್ತರದ ಡ್ಯಾನ್ ಬರ್ನ್ ತಲೆಯಿಂದ ಚೆಂಡನ್ನು ಬಲೆಗೆ ಕಳಿಸಿದ. ಹತ್ತಿರದ ಬ್ಲೈತ್ ಊರಿನವನು, ಹಾಗಾಗಿ ನಮ್ಮ ಬೀದಿಯೇ ಕಿರುಚಿತು. ಅವ್ವ ಮಾತ್ರ, ‘ಗೋಲ್‌ಕೀಪರ್ ಮುಂದೆ ಅಷ್ಟು ಜನ ಗುಂಪುಗೂಡಿದ್ದರಲ್ಲ, ಅದು ನಡೆಯುತ್ತದೆಯೇ?’ ಎಂದಳು. ಕಾರ್ನರ್, ಥ್ರೋ, ಗೋಲ್ ಕಿಕ್ ಈ ಮೂರರಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಎಂದು ಹೇಳಿದೆ.

ವಿರಾಮದ ನಂತರ ನಮ್ಮ ಅಲೆಕ್ಸಾಂಡರ್ ಇಸಾಕ್ ಚೆಂಡನ್ನು ಬಲೆಗೆ ಹೊಡೆದ. ಗೋಲು ಸಿಕ್ಕಲಿಲ್ಲ. ತಪ್ಪು ಅವನದಲ್ಲ, ಅವನ ತಂಡದ ಬ್ರೂನೊ ಗಿಮರಾಯ್ಸ್ ಆಫ್‌ಸೈಡ್ ಜಾಗದಲ್ಲಿ ಗೋಲ್‌ಕೀಪರ್‌ಗೆ ಅಡ್ಡವಾಗಿದ್ದ. ಇಲ್ಲಿ ಖೋ ಖೋಗೂ ಫುಟ್‌ಬಾಲ್‌ಗೂ ದಾರಿ ಬೇರೆ. ಖೋ ಖೋದಲ್ಲಿ ಎದ್ದದ್ದೇ ತಪ್ಪು. ಇಲ್ಲಿ ಗೆರೆಯಾಚೆ ಸುಮ್ಮನೆ ನಿಂತಿದ್ದರೆ ತಪ್ಪಲ್ಲ. ಚೆಂಡು ಮುಟ್ಟಿದರೆ, ಎದುರಾಳಿಗೆ ಅಡ್ಡಬಂದರೆ, ಅಲ್ಲಿ ನಿಂತದ್ದರಿಂದ ಲಾಭ ಪಡೆದರೆ ಮಾತ್ರ ತಪ್ಪು. ‘ಮದುವೆ ಮನೆಯಲ್ಲಿ ಕರೆಯದೆ ಬಂದವನು ಮೂಲೆಯಲ್ಲಿ ಕೂತರೆ ಸರಿ, ಪಂಕ್ತಿಗೆ ಕೂತರೆ ಎಬ್ಬಿಸುತ್ತಾರೆ’ ಎಂದು ಅವ್ವ ತನ್ನ ಮಟ್ಟಿಗೆ ಬಗೆಹರಿಸಿಕೊಂಡಳು. ಎರಡೇ ನಿಮಿಷದಲ್ಲಿ ಇಸಾಕ್ ಮತ್ತೆ ಹೊಡೆದ. ಈ ಸಲ ಯಾರ ಅಡ್ಡಿಯೂ ಇಲ್ಲ. 2–0.

ತೊಂಬತ್ತು ನಿಮಿಷ ಮುಗಿದು, ಕೊನೆಗೆ ಸೇರಿಸಿದ ನಿಮಿಷಗಳು ಓಡುತ್ತಿದ್ದವು. ವಿಜಯಪುರದಲ್ಲಿ ಮಧ್ಯರಾತ್ರಿಯ ಹತ್ತಿರ. ಲಿವರ್‌ಪೂಲ್‌ನ ಫೆಡೆರಿಕೊ ಕಿಯೇಸಾ ಹಿಂದಿನಿಂದ ಬಂದ ಚೆಂಡಿಗೆ ನುಗ್ಗಿ ಗೋಲು ಹೊಡೆದ, ಲೈನ್ಸ್‌ಮನ್ ಧ್ವಜ ಎತ್ತಿದ. ನಾನು ಸೋಫಾದ ಮೇಲೆ ಹತ್ತಿ ಕುಣಿದೆ. ಭರಣಿಯ ಪಕ್ಕದಿಂದ ನಿದ್ದೆಗಣ್ಣಿನ ದನಿ ಬಂತು: ‘ಇಲ್ಲ ತಂಗಿ. ಅವನು ಖೋ ಬಿದ್ದ ಮೇಲೆಯೇ ಎದ್ದಿದ್ದಾನೆ.’

ವಿಡಿಯೊ ರೆಫರಿ ನೋಡಿದರು. ಗೆರೆ ಎಳೆದರು. ಗೋಲು ಕೊಟ್ಟರು.

‘ಅವ್ವಾ, ನೀನು ಯಾರ ಕಡೆ?’

‘ನಿನ್ನ ಕಡೆಯೇ. ಅದಕ್ಕೆ ಅವನು ಮೊದಲೇ ಎದ್ದಂತಾಗುತ್ತದೆಯೇ?’

ಉಳಿದ ನಿಮಿಷಗಳನ್ನು ನಿಂತೇ ಕಳೆದೆ. 2–1ಕ್ಕೆ ಪಂದ್ಯ ಮುಗಿಯಿತು, ಬೀದಿಯಲ್ಲಿ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಮೊಬೈಲ್ ಎತ್ತಿಕೊಂಡು ನೋಡಿದರೆ ಪರದೆಯ ತುಂಬ ನಮ್ಮ ಪಡಸಾಲೆಯ ಜಂತಿ, ತಿರುಗುವ ಫ್ಯಾನ್. ಅವ್ವ ಮೊಬೈಲನ್ನು ಹಾಸಿಗೆಯ ಮೇಲೆ ಅಂಗಾತ ಇಟ್ಟು ಮಲಗಿಬಿಟ್ಟಿದ್ದಳು.