ಎರಡು ಗೆರೆಗಳ ನಡುವೆ

ಮೂರು ದಿನದ ಮಳೆ ಇವತ್ತು ಬೆಳಿಗ್ಗೆ ಸ್ವಲ್ಪ ಹೊಳವಾಯಿತು. ಸಂಪಾಜೆ ಘಾಟಿ ಇಳಿಯುವ ಮೊದಲು ಬೈಕನ್ನು ಕಾಫಿ ಕಣದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆ. ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಆಯಿಲ್ ಕೆಳಗಿಳಿಯಲಿ ಎಂದು ಅಷ್ಟೇ ಹೊತ್ತು ಕಾದೆ. ಆಯಿಲ್ ಮಟ್ಟ ನೋಡುವ ಕಡ್ಡಿ ಒರೆಸಿ, ತಿರುಗಿಸದೆ ಸುಮ್ಮನೆ ಒಳಗಿಟ್ಟು ತೆಗೆದರೆ ಆಯಿಲ್ ಮೇಲಿನ ಗೆರೆಯನ್ನೂ ದಾಟಿತ್ತು! ಹೋದ ವಾರ ಬೈಕು ಸೈಡ್ ಸ್ಟ್ಯಾಂಡಿನಲ್ಲಿ ವಾಲಿರುವಾಗಲೇ ನೋಡಿ, ಕಡಿಮೆಯಿದೆ ಎಂದು ಸುರಿದವನು ನಾನೇ. ಹೆಚ್ಚಿದ್ದರೆ ಒಳ್ಳೆಯದಲ್ಲವೇ ಅನ್ನುತ್ತಾರೆ. ಅಲ್ಲ, ಆಯಿಲ್ ನೊರೆಯಾಗುತ್ತದೆ, ಸೀಲ್ ಸೋರುತ್ತದೆ. ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಸ್ವಲ್ಪ ಸ್ವಲ್ಪವೇ ಎಳೆದು ತೆಗೆದೆ. ಹಾಲು ಬೆರೆತಂಥ ಬಣ್ಣವಿರಲಿಲ್ಲ, ನೀರು ಹೊಕ್ಕಿಲ್ಲವೆಂದು ಜೀವಕ್ಕೆ ಸಮಾಧಾನ. ತೋಟದ ಡೀಸೆಲ್ ಪಂಪಿನ ಕಡ್ಡಿಯನ್ನು ಅಪ್ಪ ಯಾವಾಗಲೂ ಎರಡು ಸಲ ಒರೆಸಿ ನೋಡುತ್ತಿದ್ದರು. ಕೈಯಲ್ಲಿ ಹೀಗೇ ಹಳೇ ಪಂಚೆಯ ತುಂಡು, ಹೆಬ್ಬೆರಳಲ್ಲಿ ಇದೇ ಮಸಿ.