ಕೊಸರು

ಇಂದು ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ತರಕಾರಿ ಕೊಂಡು ಚೀಲ ಚಾಚಿದಾಗ, ಯಾವಾಗಲೂ ಕೊಸರೆಂದು ಎರಡು ಎಸಳು ಕರಿಬೇವು ಹಾಕಿಯೇ ಕಳಿಸುತ್ತಿದ್ದ ತರಕಾರಿ ಮಾರುವ ಅಮ್ಮನ ಕೈ ಈ ಬಾರಿ ಅತ್ತ ಹೋಗಲಿಲ್ಲ.

"ಅದಕ್ಕೂ ಈಗ ಐದು ರೂಪಾಯಿ ಕಣಪ್ಪ, ಮಾರ್ಕೆಟ್ಟಿನಲ್ಲಿ ನಮಗ್ಯಾರು ಬಿಟ್ಟಿ ಕೊಡ್ತಾರೆ?" ಎಂದು ತಕ್ಕಡಿ ಒರೆಸುತ್ತ ಹೇಳಿದರು.

2025ರ ಜನವರಿಯಲ್ಲಿ ಬಸ್ ದರ ಶೇಕಡ 15ರಷ್ಟು, ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ, ಏಪ್ರಿಲ್‌ನಲ್ಲಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ ಗೊಣಗಿಕೊಂಡೇ ತೆತ್ತಿದ್ದೆ; ಅವು ಎಲ್ಲೋ ಕುಳಿತು ಯಾರೋ ನಿಗದಿ ಮಾಡಿದ ಲೆಕ್ಕಗಳು.

ಕೊಸರು ಹಾಗಲ್ಲ, ಅದು ಕೊಡುವವರ ಮನಸ್ಸಿನಿಂದ ಬರುತ್ತಿತ್ತು (ಒಮ್ಮೊಮ್ಮೆ ಕೇಳಿಯೂ ಪಡೆದಿದ್ದೇನೆ ಎನ್ನುವುದು ಬೇರೆ ಮಾತು).

ಐದು ರೂಪಾಯಿ ಕೊಟ್ಟೆ. ಆಕೆ ಎಸಳುಗಳನ್ನು ಎಣಿಸಿ ಕೊಟ್ಟರು, ನಾಲ್ಕಿದ್ದವು.